ನಡೆದಾಡುವ ಸುಳಿ

ಒಂದು ಕುದುರೆ. ಹಿಂದಿನ ಸಂಜೆ ಗೂಟಕ್ಕೆ ಕಟ್ಟುವಾಗ ಅದರ ಮೈ ಎಣ್ಣೆ ಒರೆಸಿದ ಬಾಗಿಲಿನ ಹಾಗೆ ನುಣ್ಣಗಿತ್ತು. ಬೆಳಿಗ್ಗೆ ನೋಡಿದರೆ ಕತ್ತಿನಿಂದ ಬಾಲದ ಬುಡದವರೆಗೆ ಮೈಯೆಲ್ಲ ಸುಳಿ. ಒಂದಲ್ಲ, ಎರಡಲ್ಲ, ನಲವತ್ತು. ಏನಾಗಿರಬೇಕು, ಹೇಳಿ ನೋಡೋಣ?

ಅವಸರ ಬೇಡ. ಹಾವು ಅಂತೀರಿ, ಜೇನು ಅಂತೀರಿ, ಮಾಟ ಅಂತೀರಿ. ನಾವೂ ಅದನ್ನೇ ಅಂದೆವು. ಹೊಳೆಯ ದಂಡೆಯ ಮಠದ ಜಗುಲಿಯಲ್ಲಿ ನಮ್ಮ ಗುರುಗಳು ಈ ಪ್ರಶ್ನೆ ಹಾಕಿದಾಗ ನಾವು ಆರು ಜನ ಇದ್ದೆವು. ಒಂಬತ್ತು ಉತ್ತರ ಬಂದವು. ಅದರಲ್ಲಿ ಮೂರು ನನ್ನವೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದೆ ನೋಡಿ, ಸುಮ್ಮನಿರಲಾಗಲಿಲ್ಲ. ಗುರುಗಳು ಒಂಬತ್ತನ್ನೂ ಕೇಳಿ, "ಆಯಿತಾ? ಇನ್ನು ಯಾರದಾದರೂ ಉಳಿದಿದೆಯಾ?" ಅಂದರು. ಉಳಿದಿರಲಿಲ್ಲ. ಆಮೇಲೆ ಕತೆ ಹೇಳಿದರು. ಅಂದಿನಿಂದ ಇಂದಿನವರೆಗೆ ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನಿವೃತ್ತನಾದ ಮೇಲಂತೂ ಕೈಗೆ ಸಿಕ್ಕವರನ್ನು ಬಿಟ್ಟಿಲ್ಲ. ಹೇಳಿದಷ್ಟೂ ಖುಷಿ. ಆದರೆ ಎಲ್ಲಿಂದ ಶುರುವಾಯಿತೋ ಅಲ್ಲಿಂದಲೇ ಹೇಳಬೇಕು.

ಶುರುವಾದದ್ದು ಕೊಟ್ರಪ್ಪನಿಂದ. ಮಠದ ಹಳೆಯ ಶಿಷ್ಯ, ಐವತ್ತು ದಾಟಿದ ಸಂಸಾರಿ, ಒಳ್ಳೆಯ ಮನುಷ್ಯ. ಆ ದಿನ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೂತ, ಎದ್ದ, ಮೆಟ್ಟಿಲಿಳಿದು ಹೊಳೆಯ ಕಡೆ ನೋಡಿದ, ಮತ್ತೆ ಬಂದು ಕೂತ. ಹೆಗಲ ಮೇಲಿನ ಟವೆಲನ್ನು ತೆಗೆದು ಹಿಂಡಿದ. ಅದು ಒದ್ದೆಯೂ ಆಗಿರಲಿಲ್ಲ.

"ಬುದ್ಧೀ," ಅಂದ, "ಕೇಡಿನ ಗುರುತು ಕಣ್ಣೆದುರಿಗೇ ಕಾಣುತ್ತಿರುವಾಗ ಮನುಷ್ಯ ಸುಮ್ಮನೆ ಕೂರುವುದು ಹೇಗೆ?"

"ಯಾವ ಗುರುತು?"

ಆಗ ಎಲ್ಲ ಹೊರಗೆ ಬಂತು. ಅವನ ಒಬ್ಬನೇ ಮಗನಿಗೆ ಮದುವೆಯಾಗಿ ಹನ್ನೆರಡು ದಿನ. ಅಕ್ಷಯ ತದಿಗೆಯ ದಿನ ಧಾರೆಯಾಗಿತ್ತು. ಪಂಚಾಂಗವನ್ನೇ ತೆರೆಯಬೇಕಿಲ್ಲದ ದಿನ, ಇಡೀ ದಿನವೇ ಮುಹೂರ್ತ ಎಂದು ಹಿರಿಯರು ಹೇಳಿದ್ದರು. ಅದೇ ಸಂಜೆ ಸೊಸೆ ಹಾಲಮ್ಮ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ಮೂರನೆಯ ದಿನ ಕರೆಯುವ ಎಮ್ಮೆ ಸೊರ ಬಿಡಲಿಲ್ಲ, ಒಂದು ಹನಿ ಹಾಲು ಇಳಿಸಲಿಲ್ಲ. ಏಳನೆಯ ದಿನ ಬಾವಿಯ ಹಗ್ಗ ಹರಿದು ತಾಮ್ರದ ಕೊಡ ತಳ ಸೇರಿತು. ನಿನ್ನೆ ಕೊಟ್ರಪ್ಪನ ತಾಯಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗಿಯ ಕಾಲ್ಗುಣ ಸರಿಯಿಲ್ಲ.

"ನಾಳೆ ಬೆಳಿಗ್ಗೆ ಜೀಪು ಹೇಳಿದ್ದೇನೆ, ಬುದ್ಧೀ. ತವರಿಗೆ ಕಳಿಸುತ್ತೇವೆ. ನಾಲ್ಕು ದಿನ ಇದ್ದು ಬರಲಿ ಅಂತ."

"ಐದನೆಯ ದಿನ ಕರೆದುಕೊಂಡು ಬರುತ್ತೀಯಾ?"

ಕೊಟ್ರಪ್ಪ ಟವೆಲಿನ ಕಡೆ ನೋಡಿದ.

"ಹುಡುಗಿ ಏನಂತಾಳೆ?"

"ಏನೂ ಅನ್ನುವುದಿಲ್ಲ. ಎಮ್ಮೆಯ ಕೊಟ್ಟಿಗೆಗೆ ಹೋಗುವುದಕ್ಕೇ ಹೆದರುತ್ತಾಳೆ. ನಿನ್ನೆ ನನ್ನ ತಾಯಿಯ ಕೈಗೆ ಬಟ್ಟೆ ಕಟ್ಟಲು ಬಂದಳು, ನಮ್ಮವಳು ಬೇಡ ಅಂದಳು. ಅಂಗಳದಲ್ಲೇ ನಿಂತಿದ್ದಳು. ಕೆಟ್ಟ ಹುಡುಗಿಯಲ್ಲ, ಬುದ್ಧೀ. ಆದರೆ ಗುರುತು ಅಂತ ಒಂದು ಇದೆಯಲ್ಲ?"

ಗುರುಗಳು ಕಾಲು ಮಡಿಸಿ ಸರಿಯಾಗಿ ಕೂತರು. ಆಮೇಲೆ, "ಒಂದು ಕುದುರೆ ಇತ್ತು," ಅಂದರು. ನಾನು ಮೊದಲೇ ಕೇಳಿದೆನಲ್ಲ, ಆ ಪ್ರಶ್ನೆ ಹಾಕಿದರು. ನಮ್ಮ ಒಂಬತ್ತು ಉತ್ತರ ಮುಗಿದ ಮೇಲೆ ಅವರು ಹೇಳಿದ್ದು ಇದು. ಆದಷ್ಟೂ ಅವರ ಮಾತಿನಲ್ಲೇ ಹೇಳುತ್ತೇನೆ. ಅವರದು ಕಡಿಮೆ ಮಾತು. ಹೆಚ್ಚಾದದ್ದು ಕಂಡರೆ ಅದು ನನ್ನದು.

ಒಂದು ಊರಿನಲ್ಲಿ ಒಬ್ಬ ಸುಳಿ ನೋಡುವವನಿದ್ದ. ಕುದುರೆಯ ಮೈಮೇಲೆ ಕೂದಲು ಸುತ್ತಿಕೊಂಡು ತಿರುಗಿರುವ ಜಾಗವೇ ಸುಳಿ. ಅದು ಎಲ್ಲಿದೆ, ಬಲಕ್ಕೆ ತಿರುಗಿದೆಯೋ ಎಡಕ್ಕೆ ತಿರುಗಿದೆಯೋ ನೋಡಿ, ಈ ಕುದುರೆ ಈ ಯಜಮಾನನಿಗೆ ಆಗಿಬರುತ್ತದೆ, ಆಗಿಬರುವುದಿಲ್ಲ ಎಂದು ಅವನು ಹೇಳುತ್ತಿದ್ದ. ಆಗಿಬರುತ್ತದೆ ಅಂದರೆ ಕುದುರೆ ಮನೆಯ ಒಳಕ್ಕೆ. ಇಲ್ಲ ಅಂದರೆ ಅಂದೇ ಸೂರ್ಯ ಮುಳುಗುವುದರೊಳಗೆ ಹೊರಕ್ಕೆ.

ಅವನು ಮೋಸಗಾರನಲ್ಲ. ಸುಳ್ಳು ಹೇಳಿ ಒಂದು ಹಿಡಿ ಹುರುಳಿ ಪಡೆದವನಲ್ಲ. ಅವನ ತಂದೆ ಸುಳಿ ನೋಡುತ್ತಿದ್ದ, ಅಜ್ಜ ನೋಡುತ್ತಿದ್ದ. ತಾನು ಹೇಳಿದ್ದನ್ನು ತಾನು ನಂಬುತ್ತಿದ್ದ. ಇದನ್ನು ನೆನಪಿಡು, ಕೊಟ್ರಪ್ಪ. ಅವನು ಮೋಸಗಾರನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವನ ಶಾಸ್ತ್ರಕ್ಕೆ ಮೂರು ಕಟ್ಟಳೆ ಇದ್ದವು. ಕೆಟ್ಟ ಸುಳಿಯ ಕುದುರೆಯನ್ನು ಕೊಡುವಾಗ ಸುಳಿಯ ಮೇಲೆ ಕೈಯಿಟ್ಟು ತೋರಿಸಿಯೇ ಕೊಡಬೇಕು, ಮುಚ್ಚಿಡಬಾರದು. ಅದಕ್ಕೆ ಬೆಲೆ ಕೇಳಬಾರದು; ತೆಗೆದುಕೊಳ್ಳುವವನ ಕೈಯಲ್ಲಿ ಆ ಗಳಿಗೆಯಲ್ಲಿ ಏನಿದೆಯೋ ಅದನ್ನೇ ಪಡೆಯಬೇಕು. ಒಮ್ಮೆ ಸುಳಿಗಾಗಿ ಹೊರಗೆ ಹಾಕಿದ ಕುದುರೆಯನ್ನು ಮತ್ತೆ ಅದೇ ಬಾಗಿಲಿಗೆ ತರಬಾರದು. ಈ ಮೂರನ್ನೂ ಅವನು ಊರಿನ ಎಷ್ಟೋ ಮಂದಿಗೆ ಹೇಳಿದ್ದ. ಅವರು ಅತ್ತುಕೊಂಡೋ ಬೈದುಕೊಂಡೋ ಪಾಲಿಸಿದ್ದರು.

ಅವನ ಮನೆಯಲ್ಲೇ ಒಂದು ಕುದುರೆ ಇತ್ತು. ಹೆಣ್ಣು, ಕೆಂಪು ಬಣ್ಣ, ಹೆಸರು ಕೆಂಚಿ. ಅವಳ ಗಂಟಲ ಕೆಳಗೆ ದೇವಮಣಿ ಎಂಬ ಸುಳಿ. ಅದಕ್ಕಿಂತ ಒಳ್ಳೆಯ ಸುಳಿ ಇಲ್ಲ ಎನ್ನುತ್ತಾರೆ. ಆ ಊರಿನ ದೊಡ್ಡ ಮನೆಗಳ ಮದುಮಕ್ಕಳೆಲ್ಲ ಅವಳ ಬೆನ್ನ ಮೇಲೆಯೇ ಮೆರವಣಿಗೆ ಹೋಗಬೇಕು. ಎಂಟು ವರ್ಷ ಅವಳನ್ನು ಸಾಕಿದವಳು ಅವನ ಹೆಂಡತಿ. ಎಲ್ಲಿಗೆ ಹೋಗಿ ಬಂದರೂ ಕೆಂಚಿ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಳಗಿನಿಂದ ಒಂದು ಚೂರು ಬೆಲ್ಲ ಬರುವವರೆಗೆ ಕದಲುತ್ತಿರಲಿಲ್ಲ. ಕಾಯುತ್ತ ಕಾಯುತ್ತ ತಲೆ ಉಜ್ಜಿ ಉಜ್ಜಿ ಬಾಗಿಲ ಚೌಕಟ್ಟಿನ ಒಂದು ಮಗ್ಗುಲು ಸವೆದಿತ್ತು.

ಒಂದು ದಿನ ಆ ಊರಿನಲ್ಲಿ ಏಳು ಮದುವೆ. ಅವುಗಳಲ್ಲಿ ದೊಡ್ಡದು ಒಬ್ಬ ವ್ಯಾಪಾರಿಯ ಮಗನದು. ಸಂಜೆಯ ಮೆರವಣಿಗೆಗೆ ಕೆಂಚಿಯನ್ನು ಗೊತ್ತುಮಾಡಿದ್ದರು. ಬೆಳಿಗ್ಗೆ ಮೈ ತಿಕ್ಕಲು ಹೋದ ಸುಳಿ ನೋಡುವವನು ಕೈಯಲ್ಲಿದ್ದ ಹುಲ್ಲಿನ ಸಿವುಡು ಬಿಟ್ಟು ಹಿಂದೆ ಸರಿದ. ಮೈಯೆಲ್ಲ ಕಾಸಿನಗಲ, ಅಂಗೈಯಗಲ ಉಬ್ಬಿದೆ. ಉಬ್ಬಿದಲ್ಲೆಲ್ಲ ಕೂದಲು ಎದ್ದು ಸುತ್ತಿಕೊಂಡಿದೆ.

ಬೇರೆ ಯಾರಾದರೂ ಆಗಿದ್ದರೆ ಕುದುರೆಗೆ ಏನೋ ಆಗಿದೆ ಅನ್ನುತ್ತಿದ್ದರು. ಅವನು ಓದಲು ಶುರುಮಾಡಿದ.

ಎಡಗಣ್ಣಿನ ಕೆಳಗೆ ಒಂದು. ಅದು ಕಣ್ಣೀರು ಸುಳಿ, ಮನೆಯವರು ಅಳುತ್ತಾರೆ. ಬೆನ್ನ ಎರಡೂ ಮಗ್ಗುಲಿಗೆ ಸಾಲಾಗಿ ನಾಲ್ಕು. ಅದು ಚಟ್ಟದ ಸುಳಿ, ಯಜಮಾನನನ್ನು ಹೊರಿಸುತ್ತದೆ. ಭುಜದ ಮೇಲೆ ಒಂದು. ಅದು ರಾಜಸುಳಿ, ಯಜಮಾನನಿಗೆ ರಾಜ್ಯ ಬರುತ್ತದೆ.

"ಚಟ್ಟ ಏರುವವನಿಗೆ ರಾಜ್ಯ ಎಲ್ಲಿಂದ ಬರುತ್ತದೆ?" ಎಂದು ಕೇಳಿದಳು ಹೆಂಡತಿ. ಅವಳು ಬೆಲ್ಲ ಹಿಡಿದುಕೊಂಡು ಬಂದಿದ್ದಳು. ಕೆಂಚಿ ಬೆಲ್ಲದ ಕಡೆ ನೋಡದೆ ಗೋಡೆಗೆ ಮೈ ತಿಕ್ಕುತ್ತಿದ್ದಳು. "ನೋಡಿ, ಅವಳಿಗೆ ತುರಿಕೆ. ಏನೋ ಆಗದ್ದು ತಿಂದಿದ್ದಾಳೆ, ಇಲ್ಲ ಏನೋ ಸೋಕಿದೆ. ಸಂಜೆವರೆಗೆ ನೋಡೋಣ."

"ಸಂಜೆವರೆಗೆ ಇಟ್ಟುಕೊಳ್ಳುವ ಹಾಗಿಲ್ಲ ಅಂತಲೇ ಶಾಸ್ತ್ರ ಹೇಳುವುದು."

"ಸುಳಿ ಅನ್ನುವುದು ಹುಟ್ಟಿನಿಂದ ಬರುವುದು ಅಂತ ನೀವೇ ಊರಿಗೆಲ್ಲ ಹೇಳುತ್ತೀರಲ್ಲ?"

"ಹುಟ್ಟಿನಿಂದ ಬಂದದ್ದಕ್ಕೆ ಔಷಧಿ ಇದೆ. ನಡುವೆ ಬಂದದ್ದಕ್ಕೆ ಇಲ್ಲ."

ಅವನಿಗೆ ನಿಲ್ಲಲಾಗಲಿಲ್ಲ. ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ. ಹೊಗೆಗೆ ಕುದುರೆ ಕೆಮ್ಮಿತು. ಬೇವಿನ ಸೊಪ್ಪು ಅರೆದು ಬಳಿದ. ಬಳಿದಲ್ಲಿ ಇನ್ನೂ ನಾಲ್ಕು ಎದ್ದವು. ಹರಳೆಣ್ಣೆ ಹಚ್ಚಿದ, ಒರೆಸಿದ, ಮತ್ತೆ ಹಚ್ಚಿದ. ಒಳಗೆ ಹೋಗಿ ಅಜ್ಜನ ಓಲೆಕಟ್ಟು ತಂದು ಬಿಚ್ಚಿದ. ಅದರಲ್ಲಿ ನೋಡಿ ತಲೆಯೆತ್ತುವಷ್ಟರಲ್ಲಿ ಕುತ್ತಿಗೆಯ ಮೇಲಿದ್ದ ಮೂರು ಮಾಯವಾಗಿ ಹೊಟ್ಟೆಯ ಕೆಳಗೆ ಐದು ಬಂದಿದ್ದವು. ಮತ್ತೆ ಮೊದಲಿನಿಂದ ಓದಿದ. ಓದಿ ಮುಗಿಸುವಷ್ಟರಲ್ಲಿ ಬೆನ್ನ ಮೇಲಿನ ನಾಲ್ಕು ತೊಡೆಗೆ ಇಳಿದಿದ್ದವು.

ಇಲ್ಲಿ ಗುರುಗಳು ಒಂದು ಕ್ಷಣ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ. "ಹಾಗಾದರೆ ಅದು ಸುಳಿಯಲ್ಲ ಅಂತ ಅವನಿಗೆ ಗೊತ್ತಾಗಬೇಕಿತ್ತಲ್ಲ, ಬುದ್ಧೀ? ಒಂದೇ ಕಡೆ ನಿಲ್ಲದ್ದು ಸುಳಿ ಹೇಗಾಗುತ್ತದೆ?" ಅಂದೆ.

"ನಿನಗೆ ಗೊತ್ತಾಯಿತು," ಅಂದರು ಗುರುಗಳು. "ಯಾಕೆಂದರೆ ಕುದುರೆ ನಿನ್ನದಲ್ಲ."

ಎಲ್ಲರೂ ನಕ್ಕರು. ಕೊಟ್ರಪ್ಪ ನಗಲಿಲ್ಲ. ಗುರುಗಳು ಮುಂದುವರಿಸಿದರು.

ಅವನು ಅಂದುಕೊಂಡದ್ದು ಬೇರೆ. ಇದು ನಡೆದಾಡುವ ಸುಳಿ. ತಂದೆ ನೋಡಿರಲಿಲ್ಲ, ಅಜ್ಜ ನೋಡಿರಲಿಲ್ಲ. ಅವರು ನೋಡಿಲ್ಲದ್ದು ಅಂದರೆ ಅದಕ್ಕಿಂತ ಕೆಟ್ಟದ್ದು ಯಾವುದು?

ಹೊತ್ತು ಏರುತ್ತಿತ್ತು. ಸೂರ್ಯ ಮುಳುಗುವ ಮೊದಲು ಕೆಂಚಿ ಆ ಬಾಗಿಲು ಬಿಡಬೇಕು. ಅವನು ಹಗ್ಗ ಹಿಡಿದು ಹೊರಟ. ಹೆಂಡತಿ ಅಡ್ಡ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಸವೆದ ಮಗ್ಗುಲನ್ನು.

ಬೀದಿ ಬೀದಿಯಲ್ಲಿ ಚಪ್ಪರ, ವಾಲಗ. ಜನ ಹೊಸ ಬಟ್ಟೆಯಲ್ಲಿ ಓಡಾಡುತ್ತಿದ್ದರು. ಅವನು ಕುದುರೆ ಕಟ್ಟುವ ಮೂವರ ಮನೆಗೆ ಹೋದ. ಮೂರು ಕಡೆಯೂ ಕಟ್ಟಳೆಯಂತೆ ಉಬ್ಬಿದ ಜಾಗಗಳ ಮೇಲೆ ಕೈಯಿಟ್ಟು ತೋರಿಸಿದ. ಮೊದಲನೆಯವನು ನೋಡಿ ಒಳಗೆ ಹೋದ. ಎರಡನೆಯವನು ನೋಡದೆಯೇ ಹೋದ. ಮೂರನೆಯವನು ಹೋಗಲಿಲ್ಲ, ಬಾಗಿಲಲ್ಲೇ ಕೈಕಟ್ಟಿ ನಿಂತ.

"ಹೋದ ವರ್ಷ ನನ್ನ ಬಿಳಿ ಕುದುರೆಯನ್ನು ಹೊರಗೆ ಹಾಕಿಸಿದವರು ತಾವೇ ಅಲ್ಲವಾ?"

"ಅದರ ಬೆನ್ನ ಮೇಲೆ ಕೆಟ್ಟ ಸುಳಿ ಇತ್ತು."

"ಇತ್ತು. ನನ್ನ ಮಗಳು ಎಂಟು ದಿನ ಉಣ್ಣಲಿಲ್ಲ. ಕುದುರೆ ಈಗ ಪಕ್ಕದ ಊರಲ್ಲಿ ಗಾಡಿ ಎಳೆಯುತ್ತಿದೆ. ಅದನ್ನು ಕೊಂಡವನು ಗುಂಡುಕಲ್ಲಿನ ಹಾಗೆ ಇದ್ದಾನೆ. ನನ್ನ ಬಿಳಿಯದನ್ನು ಹೊರಗೆ ಹಾಕಿ ನಿಮ್ಮ ಕೆಂಪನ್ನು ಒಳಗೆ ತಂದುಕೊಳ್ಳಲಾ? ಮುಂದೆ ನಡೀರಿ, ಸ್ವಾಮಿ."

ನಡು ಹಗಲಾಯಿತು. ವ್ಯಾಪಾರಿಯೇ ಎದುರಿಗೆ ಬಂದ. ಕುದುರೆಯನ್ನು ನೋಡಿದ. "ಅಯ್ಯೋ, ಏನ್ರೀ ಇದು? ನನ್ನ ಮಗನನ್ನು ಇದರ ಮೇಲೆ ಕೂರಿಸುವುದಾ?" ಎಂದು ಪಂಚೆ ಎತ್ತಿಕೊಂಡು ಬೇರೆ ಕುದುರೆ ಹುಡುಕಲು ಓಡಿದ. ಏಳು ಮದುವೆಯ ಊರಿನಲ್ಲಿ ಆ ಹೊತ್ತಿಗೆ ಬೇರೆ ಕುದುರೆ ಎಲ್ಲಿ ಸಿಕ್ಕೀತು?

ಸುಳಿ ನೋಡುವವನು ಹೊಳೆಗೆ ಬಂದ. ಅಲ್ಲಿ ಒಬ್ಬ ಮಡಿವಾಳ ಮದುವೆಮನೆಗಳ ಬಟ್ಟೆ ಒಗೆದು, ಒಣಹಾಕಲು ಎರಡು ಮರಗಳ ನಡುವೆ ಹಗ್ಗ ಕಟ್ಟಲು ಹೊರಟಿದ್ದ. ಹಗ್ಗ ಇನ್ನೂ ಕೈಯಲ್ಲೇ ಇತ್ತು. ಅವನ ಎರಡು ಕತ್ತೆಗಳು ನೆರಳಲ್ಲಿ ನಿಂತಿದ್ದವು.

"ಈ ಕುದುರೆ ನಿನಗೆ ಬೇಕಾ?"

ಮಡಿವಾಳ ಕುದುರೆಯನ್ನು ನೋಡಿದ, ಅವನ ಮುಖ ನೋಡಿದ. "ತಮಾಷೆ ಮಾಡಬೇಡಿ, ಒಡೆಯಾ. ಬಿಸಿಲು ಜಾಸ್ತಿ ಇದೆ."

ಅವನು ತಮಾಷೆ ಮಾಡುತ್ತಿರಲಿಲ್ಲ. ಒಂದೊಂದರ ಮೇಲೂ ಕೈಯಿಟ್ಟು ತೋರಿಸಿದ. ಇದು ಕಣ್ಣೀರು, ಇದು ಚಟ್ಟ, ಇದು ನಡೆದಾಡುವುದು. ಮಡಿವಾಳ ಬಗ್ಗಿ ನೋಡಿದ. ಒಂದು ಉಬ್ಬಿನ ಮೇಲೆ ಬೆರಳಿಟ್ಟು ಮೆತ್ತಗೆ ಒತ್ತಿದ.

"ಇದು ಗಂಧೆ ಅಲ್ಲವಾ, ಒಡೆಯಾ? ಪಿತ್ತ ಏರಿದರೆ ನಮಗೆ ಏಳುವುದಿಲ್ಲವಾ, ಅದೇ. ನನ್ನ ಸಣ್ಣ ಕತ್ತೆಗೆ ವರ್ಷಕ್ಕೆರಡು ಸಲ ಏಳುತ್ತದೆ."

"ಕತ್ತೆಗೂ ಏಳುತ್ತದಾ? ಆಗ ಏನು ಹೇಳುತ್ತಾರೆ?"

"ಕತ್ತೆಗೆ ಎದ್ದರೆ ಯಾರು ಏನು ಹೇಳುತ್ತಾರೆ, ಒಡೆಯಾ? ಗಂಧೆ ಅಂತಾರೆ."

ಸುಳಿ ನೋಡುವವನು ಹೊಳೆಯಾಚೆ ನೋಡಿದ. ಸೂರ್ಯ ನೆತ್ತಿ ದಾಟಿದ್ದ. "ನಿನ್ನ ಕೈಯಲ್ಲಿ ಏನಿದೆ?" ಅಂದ.

"ಬಟ್ಟೆ ಒಣಹಾಕುವ ಹಗ್ಗ."

"ಅದನ್ನು ಕೊಡು."

ಹಗ್ಗ ಪಡೆದು ಕುದುರೆ ಬಿಟ್ಟು ನಡೆದ. ಹಿಂದಕ್ಕೆ ತಿರುಗಿ ನೋಡಲಿಲ್ಲ. ಕೆಂಚಿ ಒಮ್ಮೆ ಕೆನೆದಳು. ಅವನು ಕಾಲು ಜೋರು ಮಾಡಿದ.

ಮಡಿವಾಳ ಮಾಡಿದ್ದು ಬಹಳ ಇಲ್ಲ. ಮೈಮೇಲಿನ ಎಣ್ಣೆ, ಸೊಪ್ಪು ಎಲ್ಲ ಹೊಳೆಯ ನೀರಿನಲ್ಲಿ ತೊಳೆದ. ಹೊಂಗೆಯ ನೆರಳಿಗೆ ಕಟ್ಟಿದ. ಮೇವು ಹಾಕಲಿಲ್ಲ, ನೀರಿಟ್ಟ. ಹಳೆಯ ಬಟ್ಟೆ ನೆನೆಸಿ ಬೆನ್ನ ಮೇಲೆ ಹಾಸಿದ. ಬಿಸಿಯಾದಂತೆ ತೆಗೆದು ಮತ್ತೆ ನೆನೆಸಿ ಹಾಸಿದ. ನಡುನಡುವೆ ಮೂಗಿನ ಹತ್ತಿರ ಕಿವಿಯಿಟ್ಟು ಉಸಿರು ಕೇಳಿದ. ಉಸಿರು ಕಟ್ಟಿದರೆ ಮಾತ್ರ ಹೆದರಬೇಕು, ಗಂಧೆಗೆ ಹೆದರಬೇಕಿಲ್ಲ ಎಂದು ಕತ್ತೆಗಳು ಅವನಿಗೆ ಕಲಿಸಿದ್ದವು. ಉಸಿರು ಸರಿಯಾಗಿತ್ತು. ಉಳಿದ ಹೊತ್ತು ಮಿಕ್ಕ ಬಟ್ಟೆ ಒಗೆದ. ಹಗ್ಗ ಇಲ್ಲದ್ದರಿಂದ ಬಂಡೆಗಳ ಮೇಲೆ ಹರವಿದ.

ಹೊತ್ತು ಇಳಿಯುವುದರೊಳಗೆ ಗಂಧೆಯೂ ಇಳಿಯಿತು. ಮೊದಲು ತೊಡೆ, ಆಮೇಲೆ ಹೊಟ್ಟೆ, ಕೊನೆಗೆ ಕಣ್ಣಿನ ಕೆಳಗಿನದು. ಮೈ ಮತ್ತೆ ನುಣ್ಣಗಾಯಿತು.

ಸಂಜೆ ಮಡಿವಾಳ ವ್ಯಾಪಾರಿಯ ಚಪ್ಪರಕ್ಕೆ ಹೋಗಲೇಬೇಕಿತ್ತು. ಮದುಮಗ ನಡೆಯುವ ದಾರಿಗೆ ಮಡಿಬಟ್ಟೆ ಹಾಸುವ ಕೆಲಸ ಅವನದೇ. ಕುದುರೆಯನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ ಜೊತೆಗೇ ಹೊಡೆದುಕೊಂಡು ಬಂದ. ವ್ಯಾಪಾರಿ ಕುದುರೆ ಸಿಗದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ನೋಡಿ ಎದ್ದ.

"ಇದು ಅದೇ ಕುದುರೆಯಾ?"

"ಅಲ್ಲ, ಸ್ವಾಮಿ. ಅದು ಅವರದು. ಇದು ನನ್ನದು."

ವ್ಯಾಪಾರಿಗೆ ಹೆಚ್ಚು ವಿಚಾರಿಸುವ ಹೊತ್ತಿರಲಿಲ್ಲ. ಮಡಿವಾಳ ಒಂದೇ ಮಾತು ಕೇಳಿದ: ಜೀನು ಬೇಡ, ಚರ್ಮ ಇನ್ನೂ ಮಿದುವಾಗಿದೆ, ಮಡಿಸಿದ ಹತ್ತಿಬಟ್ಟೆ ಹಾಸುತ್ತೇನೆ, ಹುಡುಗ ಹಗುರ ಇದ್ದಾನೆ, ಮೆಲ್ಲಗೆ ಹೋಗೋಣ. ಹಾಗೆಯೇ ಆಯಿತು. ವಾಲಗ ಹಿಡಿಯಿತು, ಮೆರವಣಿಗೆ ಹೊರಟಿತು.

ದಾರಿ ಸುಳಿ ನೋಡುವವನ ಮನೆಯ ಮುಂದೆಯೇ. ಇನ್ನೇನಾಯಿತು, ಕೊಟ್ರಪ್ಪ? ನೀನು ಕುದುರೆ ಕಟ್ಟಿದವನಲ್ಲ, ಆದರೆ ಎಮ್ಮೆ ಕಟ್ಟಿದ್ದೀಯ. ಸಂಜೆ ಬಿಟ್ಟರೆ ಎಮ್ಮೆ ಎಲ್ಲಿಗೆ ಹೋಗುತ್ತದೆ?

ಕೊಟ್ರಪ್ಪ ಮೆಲ್ಲಗೆ, "ಮನೆಗೆ," ಅಂದ. ಆ ಹೊತ್ತಿಗೆ ಅವನು ಟವೆಲು ಹಿಂಡುವುದನ್ನು ಬಿಟ್ಟಿದ್ದ.

ಕೆಂಚಿ ಆ ಬಾಗಿಲಿಗೆ ಬಂದು ನಿಂತಳು. ವಾಲಗದವರು ಹತ್ತು ಹೆಜ್ಜೆ ಮುಂದೆ ಹೋಗಿ, ಹಿಂದೆ ಯಾರೂ ಇಲ್ಲವೆಂದು ಗೊತ್ತಾಗಿ ನಿಲ್ಲಿಸಿದರು. ಮದುಮಗ ಲಗಾಮು ಜಗ್ಗಿದ. ವ್ಯಾಪಾರಿ "ಹೋ, ಹೋ" ಅಂದ. ಅವಳು ಚೌಕಟ್ಟಿಗೆ ತಲೆ ಉಜ್ಜಿದಳು. ಒಳಗಿನಿಂದ ಹೆಂಡತಿ ಬೆಲ್ಲ ಹಿಡಿದು ಬಂದಳು. ಅವಳ ಹಿಂದೆ ಅವನು.

ಮಡಿವಾಳ ಕುದುರೆಯ ಹಗ್ಗವನ್ನು ಅವನ ಮುಂದೆ ಹಿಡಿದ. "ಒಡೆಯಾ, ಇವಳು ಮುಂದೆ ಬರುವುದಿಲ್ಲ. ಗಂಧೆ ಹೋಯಿತು, ತಾವೇ ನೋಡಿ. ನನ್ನ ಹಗ್ಗ ಕೊಟ್ಟುಬಿಡಿ, ಕುದುರೆ ಕಟ್ಟಿಕೊಳ್ಳಿ. ನನಗೂ ಬಟ್ಟೆ ಒಣಗಿಸಲು ಜಾಗವಿಲ್ಲ."

ಜನ ನಕ್ಕರು. ಅದು ಕೆಟ್ಟ ನಗೆಯಲ್ಲ.

ಅವನು ಕೈಚಾಚಿ ಕೆಂಚಿಯ ಕತ್ತು ಮುಟ್ಟಿದ. ಬೆನ್ನು ಮುಟ್ಟಿದ. ಕಣ್ಣಿನ ಕೆಳಗೆ ಮುಟ್ಟಿದ. ನಲವತ್ತರಲ್ಲಿ ಒಂದೂ ಇರಲಿಲ್ಲ. ಗಂಟಲ ಕೆಳಗೆ ದೇವಮಣಿ ಇತ್ತು, ಹುಟ್ಟಿದಾಗ ಇದ್ದ ಹಾಗೆಯೇ. ಅವನ ಬೆರಳು ಹಗ್ಗದ ಮೇಲೆ ಬಂತು. ಹಿಡಿಯಿತು ಕೂಡ.

ಆಗ ಗುಂಪಿನಲ್ಲಿ ಒಬ್ಬ ಕಾಣಿಸಿದ. ಬಿಳಿ ಕುದುರೆಯವನು. ಹೆಗಲ ಮೇಲೆ ಅವನ ಮಗಳು ಕೂತಿದ್ದಳು. ಅವನು ಇವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಅವನ ಆಚೆ ಇನ್ನೊಬ್ಬ. ಅದರಾಚೆ ಮತ್ತೊಬ್ಬ. ಹೊರಗೆ ಹಾಕಿದ್ದನ್ನು ಮತ್ತೆ ಬಾಗಿಲಿಗೆ ತರಬಾರದೆಂಬ ಮೂರನೆಯ ಕಟ್ಟಳೆಯನ್ನು ಇವನ ಬಾಯಿಂದಲೇ ಕೇಳಿ, ಬಾಗಿಲು ಹಾಕಿಕೊಂಡವರು.

ಕೆಂಚಿಯನ್ನು ಒಳಗೆ ತಂದುಕೊಂಡರೆ ಅವರೆಲ್ಲರ ಕುದುರೆಗಳೂ ಬಾಗಿಲಿಗೆ ಬಂದು ನಿಲ್ಲುತ್ತವೆ. ಅವನು ಬೆರಳು ಬಿಟ್ಟ.

"ಇದು ನನ್ನ ಕುದುರೆಯಲ್ಲ," ಅಂದ. ಬಾಗಿಲು ಹಾಕಿದ.

ಹೊರಗೆ ಕೆಂಚಿ ಮತ್ತೆ ಚೌಕಟ್ಟಿಗೆ ತಲೆ ಉಜ್ಜುವುದು ಕೇಳಿಸಿತು. ಆಮೇಲೆ ಮಡಿವಾಳನ ದನಿ ಕೇಳಿಸಿತು. "ನಡಿ, ತಾಯಿ. ನಮ್ಮಲ್ಲಿಯೂ ಬೆಲ್ಲ ಇರುತ್ತದೆ." ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲಕ್ಕೆ ಗೊರಸಿನ ಸದ್ದು ಕೇಳಿತು, ವಾಲಗ ಮತ್ತೆ ಶುರುವಾಯಿತು.

ಒಳಗೆ ಹೆಂಡತಿ ಬೆಲ್ಲವನ್ನು ಹಿಡಿದುಕೊಂಡೇ ನಿಂತಿದ್ದಳು. ಅದು ಬೆವರಿಗೆ ಕರಗಿ ಅಂಗೈ ಅಂಟಾಗಿತ್ತು.

"ಕಣ್ಣೀರು ಸುಳಿ, ಮನೆಯವರು ಅಳುತ್ತಾರೆ ಅಂದಿರಲ್ಲ," ಅಂದಳು. "ಅದೊಂದನ್ನು ಸರಿಯಾಗಿ ಓದಿದಿರಿ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನೀರಿನ ತಂಬಿಗೆ ಎತ್ತಿಕೊಂಡು ಒಂದು ಗುಟುಕು ಕುಡಿದರು. ನನಗೆ ಮತ್ತೆ ತಡೆಯಲಾಗಲಿಲ್ಲ. "ಅಲ್ಲ ಬುದ್ಧೀ," ಅಂದೆ, "ಕೊನೆಗೂ ಆ ಗಂಧೆ ಯಾಕೆ ಎದ್ದಿತು ಅಂತ ತಾವು ಹೇಳಲೇ ಇಲ್ಲ. ನಮ್ಮ ಒಂಬತ್ತರಲ್ಲಿ ಯಾವುದು ಸರಿ?"

"ನನಗೆ ಗೊತ್ತಿಲ್ಲ."

"ಮಡಿವಾಳನಿಗೆ?"

"ಅವನಿಗೂ ಗೊತ್ತಿರಲಿಲ್ಲ. ಬಟ್ಟೆ ಬಿಸಿಯಾಗಿತ್ತು, ನೆನೆಸಿ ಹಾಸಿದ."

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನೀವೂ ಉತ್ತರಕ್ಕಾಗಿ ಕಾಯುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಆಮೇಲೆ ಒಬ್ಬ ಪಶುವೈದ್ಯರನ್ನೂ ಕೇಳಿದ್ದೇನೆ. ಅವರು ಹತ್ತು ಕಾರಣ ಹೇಳಿ, ಹತ್ತರಲ್ಲಿ ಯಾವುದೆಂದು ಎಷ್ಟೋ ಸಲ ತಮಗೂ ತಿಳಿಯುವುದಿಲ್ಲ ಅಂದು ನಕ್ಕರು.

ಕೊಟ್ರಪ್ಪ ನಗುವ ಸ್ಥಿತಿಯಲ್ಲಿರಲಿಲ್ಲ. ಎದ್ದ. ಮೆಟ್ಟಿಲವರೆಗೆ ಹೋದ. ಅಲ್ಲೇ ನಿಂತು ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ಪಾಪ, ಬುದ್ಧೀ, ಅವನದು ತಪ್ಪು ಅಂತ ಹೇಳುವುದಕ್ಕೂ ಬಾಯಿ ಬರುವುದಿಲ್ಲ. ದಿನವೇ ಕೆಟ್ಟದಿತ್ತು ಅಂತ ಕಾಣುತ್ತದೆ. ಬೆಳಿಗ್ಗೆ ಗಂಧೆ, ಮಧ್ಯಾಹ್ನ ಕುದುರೆ ಕೈಬಿಟ್ಟಿತು, ಸಂಜೆ ಬಾಗಿಲಿಗೆ ಬಂದದ್ದೂ ತಿರುಗಿ ಹೋಯಿತು. ಎಲ್ಲ ಒಂದೇ ದಿನ!" ಆಮೇಲೆ ಈ ಕಡೆ ತಿರುಗಿದ. "ಅಂಥ ದರಿದ್ರ ದಿನ ಯಾವುದು, ಬುದ್ಧೀ? ಅದನ್ನಾದರೂ ಹೇಳಿ. ಆ ದಿನ ಬಂದಾಗ ನಾವೂ ಎಚ್ಚರವಾಗಿರುತ್ತೇವೆ."

ಗುರುಗಳು ತಂಬಿಗೆಯನ್ನು ಕೆಳಗಿಟ್ಟರು. ಆಮೇಲೆ ಅವರು ಹೇಳಿದ್ದು ಒಂದೇ ಸಾಲು. ಕೊಟ್ರಪ್ಪ ಅದನ್ನು ಕೇಳಿ, ತೆರೆದ ಬಾಯಿ ಮುಚ್ಚದೆ ಮೆಟ್ಟಿಲ ಮೇಲೆ ಕೂತ. ನಾವೆಲ್ಲ ಎದ್ದು ಹೋಗುವವರೆಗೂ ಹಾಗೆಯೇ ಕೂತಿದ್ದ. ಆ ಸಾಲಿನಲ್ಲಿ 'ಇದೇ ತಿಂಗಳು' ಎಂದೇನೂ ಇರಲಿಲ್ಲ, 'ನಿನ್ನ ಸೊಸೆ' ಎಂದೂ ಇರಲಿಲ್ಲ. ಬರೀ ತಿಥಿ, ವಾರ.

"ವೈಶಾಖ ಶುದ್ಧ ತದಿಗೆ, ಬುಧವಾರ. ಅಕ್ಷಯ ತದಿಗೆ."